ಕಾಯಿಲೆಗೆ ಮುಂಚೆ ಹೇಗಿದ್ದರು?

ಓದುಗರೇ, ಮಂಡ್ಯದಲ್ಲಾಗಲಿ, ಮದ್ದೂರು ಮಳವಳ್ಳಿಗಳಲ್ಲಾಗಲಿ, ಆಸ್ಪತ್ರೆಗೆ ಸೇರಿದ ಹಿರಿಯರೊಬ್ಬರ ಹಾಸಿಗೆಯ ಪಕ್ಕದಲ್ಲಿ ನೀವು ಎಂದಾದರೂ ನಿಂತಿದ್ದರೆ ಈ ಪ್ರಶ್ನೆಯನ್ನು ಕೇಳಿಯೇ ಇರುತ್ತೀರಿ. ವೈದ್ಯರು ನಾಡಿ ನೋಡಿ, ಜ್ವರ ನೋಡಿ, ಚೀಟಿಯಲ್ಲಿ ಬರೆಯುತ್ತಾ, "ಈ ಕಾಯಿಲೆಗೆ ಮುಂಚೆ ಹೇಗಿದ್ದರು?" ಎನ್ನುತ್ತಾರೆ. ಹಿರಿಯ ಮಗ ಒಂದು ಹೆಜ್ಜೆ ಮುಂದೆ ಬಂದು, "ಚೆನ್ನಾಗೇ ಇದ್ರು ಡಾಕ್ಟ್ರೇ, ಏನೂ ತೊಂದರೆ ಇರಲಿಲ್ಲ" ಎನ್ನುತ್ತಾನೆ. ವೈದ್ಯರು ಅದನ್ನೇ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅವರಿಗೆ ಇನ್ನೂ ಮೂವತ್ತು ಹಾಸಿಗೆಗಳಿವೆ.

ಆ ಮಗ ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಅವನು ಬೆಂಗಳೂರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು. ಭಾನುವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ ಊರಿಗೆ ಬಂದು, ತಂದೆಯ ಜೊತೆ ಊಟ ಮಾಡಿ, ದಿಂಬಿನ ಕೆಳಗೆ ಒಂದಿಷ್ಟು ದುಡ್ಡಿಟ್ಟು ಹೋಗುವವನು. ಅವನು ಕಂಡದ್ದು ಭಾನುವಾರದ ತಂದೆಯನ್ನು. ಮಗ ಬಂದನೆಂಬ ಸಂತೋಷಕ್ಕೆ ಆ ದಿನ ಅವರು ಎದ್ದು ಕೂತಿರುತ್ತಾರೆ, ಎರಡು ತುತ್ತು ಹೆಚ್ಚೇ ತಿಂದಿರುತ್ತಾರೆ. ಉಳಿದ ಆರು ದಿನಗಳ ತಂದೆಯನ್ನು ಬಲ್ಲವಳು ಅವನ ಹಿಂದೆ, ಬುರ್ಖಾದಲ್ಲಿ, ಫ್ಲಾಸ್ಕು ಹಿಡಿದು ಮೌನವಾಗಿ ನಿಂತಿರುವ ಸೊಸೆ. ತಟ್ಟೆಯಲ್ಲಿ ಅರ್ಧ ಅನ್ನ ಉಳಿಯತೊಡಗಿ ಎಷ್ಟು ತಿಂಗಳಾಯಿತೆಂದು ಅವಳಿಗೆ ಗೊತ್ತು. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುವುದು ಗೊತ್ತು. ಫಜ್ರ್‌ಗೆ ಮುಂಚೆಯೇ, ಮನೆಯ ಗಂಡಸರು ಏಳುವ ಮೊದಲು, ಒದ್ದೆಯಾದ ಹಾಸಿಗೆ ಬಟ್ಟೆಯನ್ನು ಬದಲಿಸುವವಳೂ ಅವಳೇ. ಮೊಮ್ಮಗನನ್ನು ಅವರು ಎಂದೋ ತೀರಿಕೊಂಡ ತಮ್ಮನ ಹೆಸರಿನಿಂದ ಕರೆದದ್ದನ್ನು ಕೇಳಿಸಿಕೊಂಡವಳೂ ಅವಳೇ. ಆದರೆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಲಿಲ್ಲ.

ಕೇಳಿದ್ದರೂ ಅವಳು ಹೇಳುತ್ತಿದ್ದಳೇ? ನಾನು ಈ ಬರಹದಲ್ಲಿ ನಿಮ್ಮ ಮುಂದಿಡುವ ಪ್ರಶ್ನೆ ಇದು. ಮಾವನವರು ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾರೆ, ಹೆಸರು ಮರೆಯುತ್ತಾರೆ ಎಂಬ ಮಾತನ್ನು ಪರಪುರುಷರ ಎದುರು, ಅದೂ ಅವರ ಕಿವಿಗೆ ಬೀಳುವಂತೆ, ಒಬ್ಬ ಮರ್ಯಾದಸ್ಥ ಹೆಣ್ಣುಮಗಳು ಹೇಗೆ ಹೇಳಿಯಾಳು? ಇನ್ನೊಬ್ಬರ ಕುಂದನ್ನು ಮುಚ್ಚಿಡಬೇಕೆಂಬ ಪಾಠವನ್ನು ನಾವು ಮಕ್ಕಳಿಗೆ ಅಲಿಫ್ ಬೇ ಜೊತೆಯಲ್ಲೇ ಕಲಿಸುತ್ತೇವೆ. ತಂದೆತಾಯಿಯರು ಮುಪ್ಪನ್ನು ತಲುಪಿದಾಗ ಅವರ ಮುಂದೆ ಬೇಸರದ ಒಂದು ಉದ್ಗಾರವೂ ಬರಕೂಡದೆಂಬ ಆದೇಶ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ. ಹಾಗಿರುವಾಗ ಅವರ ನಿತ್ರಾಣದ ಪಟ್ಟಿಯನ್ನು ಒಪ್ಪಿಸುವುದು ಭಕ್ತಿಯೇ, ಅವಮಾನವೇ? "ಇವರು ಆಸ್ಪತ್ರೆಯಿಂದ ಚೆನ್ನಾಗಿ ಹೊರಬರುವುದು ಕಷ್ಟ" ಎಂದು ಮೊದಲೇ ಲೆಕ್ಕ ಹಾಕುವುದು ಎಚ್ಚರಿಕೆಯೇ, ಅಥವಾ ಅಲ್ಲಾಹನ ಮೇಲಿನ ಭರವಸೆಯಲ್ಲಿ ಕೊರತೆಯೇ?

ಉತ್ತರಕ್ಕೆ ಮುಂಚೆ ಈ ಲೆಕ್ಕ ಎಂದರೇನು ಎಂಬುದನ್ನು ತಿಳಿಯಬೇಕು. ಮೂವತ್ತರ ಹರೆಯದವನು ಆಸ್ಪತ್ರೆಗೆ ಸೇರಿದರೆ ಅವನಿಗಿರುವುದು ಒಂದೇ ಅಪಾಯ, ಅವನ ಕಾಯಿಲೆ. ಎಪ್ಪತ್ತೆಂಟರ ಹಿರಿಯರು ಸೇರಿದರೆ ಅವರಿಗೆ ಎರಡು ಅಪಾಯಗಳು: ಕಾಯಿಲೆ ಒಂದು, ಆಸ್ಪತ್ರೆಯ ಹಾಸಿಗೆ ಇನ್ನೊಂದು. ಇದು ವೈದ್ಯರನ್ನು ದೂರುವ ಮಾತಲ್ಲ. ಆರೋಗ್ಯವಾಗಿಯೇ ಇದ್ದ ಹಿರಿಯರು ಕೆಲವರನ್ನು ಅಮೆರಿಕದ ಸಂಶೋಧಕರು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅವರ ಕಾಲುಗಳ ಮಾಂಸಖಂಡದಲ್ಲಿ ಸುಮಾರು ಒಂದು ಕಿಲೋದಷ್ಟು ಕರಗಿತ್ತು. 2007ರಲ್ಲಿ ಇದು ಪ್ರಕಟವಾಯಿತು. ಅವರಿಗೆ ಜ್ವರವಿರಲಿಲ್ಲ, ಊಟ ಬಿಟ್ಟಿರಲಿಲ್ಲ, ಬರೀ ಮಲಗಿದ್ದರು ಅಷ್ಟೇ. ಅದಕ್ಕೂ ಮುಂಚೆ, 2003ರಲ್ಲಿ, ಅಲ್ಲಿನ ಎರಡು ಆಸ್ಪತ್ರೆಗಳಿಗೆ ಸೇರಿದ 70 ದಾಟಿದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಹೊರಬಂದಿತ್ತು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಹಾಸಿಗೆಯಿಂದ ಏಳುವುದು, ಶೌಚ, ಊಟ, ಈ ಐದು ಕೆಲಸಗಳಲ್ಲಿ ಒಂದನ್ನಾದರೂ ಕಾಯಿಲೆಗೆ ಮುಂಚಿನಷ್ಟು ತಾವೇ ಮಾಡಿಕೊಳ್ಳಲಾಗದೆ ಮನೆಗೆ ಹೋದವರು ನೂರಕ್ಕೆ ಸುಮಾರು 35 ಮಂದಿ. ಕಾಯಿಲೆ ವಾಸಿಯಾಯಿತು, ಮನುಷ್ಯ ವಾಸಿಯಾಗಲಿಲ್ಲ.

ಈ 35 ಮಂದಿ ಯಾರೆಂದು ಸೇರಿದ ದಿನವೇ ತಿಳಿಯಬಹುದೇ? ಬಹುಮಟ್ಟಿಗೆ ತಿಳಿಯಬಹುದು ಎಂದು ಹೊರಟವರು ಅನೇಕರು. ಅವರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಜೇನ್ ಮೆಕಸ್ಕರ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ವಿಧಾನ ನನಗೆ ಬಹಳ ಹಿಡಿಸಿತು. ಅದಕ್ಕೆ ಯಂತ್ರ ಬೇಡ, ರಕ್ತ ಬೇಡ, ಆರು ಪ್ರಶ್ನೆಗಳು ಸಾಕು. ತುರ್ತು ವಿಭಾಗಕ್ಕೆ ಬಂದ 65 ದಾಟಿದವರನ್ನೋ ಅವರ ಮನೆಯವರನ್ನೋ ಕೇಳುವುದು. ಕಾಯಿಲೆಗೆ ಮುಂಚೆಯೇ ದಿನನಿತ್ಯದ ಕೆಲಸಕ್ಕೆ ಯಾರದಾದರೂ ಸಹಾಯ ಬೇಕಾಗುತ್ತಿತ್ತೇ? ಕಾಯಿಲೆ ಬಂದ ಮೇಲೆ ಇನ್ನಷ್ಟು ಬೇಕಾಗಿದೆಯೇ? ಕಳೆದ ಆರು ತಿಂಗಳಲ್ಲಿ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿದ್ದರೇ? ಕಣ್ಣು ಚೆನ್ನಾಗಿ ಕಾಣುತ್ತದೆಯೇ? ನೆನಪಿನ ಶಕ್ತಿಯಲ್ಲಿ ಗಂಭೀರವಾದ ತೊಂದರೆ ಇದೆಯೇ? ದಿನಕ್ಕೆ ಮೂರಕ್ಕಿಂತ ಹೆಚ್ಚು ಬಗೆಯ ಔಷಧಿಗಳನ್ನು ತೆಗೆದುಕೊಳ್ಳುತ್ತಾರೆಯೇ? ಇವುಗಳಲ್ಲಿ ಎರಡಕ್ಕೆ ಉತ್ತರ ತೊಂದರೆಯ ಕಡೆಗೆ ಬಿದ್ದರೂ ಈ ರೋಗಿಯ ವಿಷಯದಲ್ಲಿ ಎಚ್ಚರ ಬೇಕು ಎಂದರ್ಥ.

ನಮ್ಮ ಕಡೆ ಸಕ್ಕರೆ ಕಾಯಿಲೆ, ಬಿ.ಪಿ., ಗ್ಯಾಸಿನ ಮಾತ್ರೆ, ಮಂಡಿ ನೋವಿನ ಮಾತ್ರೆ ಎಂದು ಎಣಿಸಿದರೆ ಆರನೆಯ ಪ್ರಶ್ನೆಯಲ್ಲೇ ಅರ್ಧ ಊರು ಸಿಕ್ಕಿಬೀಳುತ್ತದೆ ಎಂದು ನೀವು ನಗಬಹುದು. ನಗು ಸರಿಯಾದದ್ದೇ. ಈ ಜರಡಿಯ ಕಣ್ಣು ತುಂಬ ಸಣ್ಣದು. ಅಪಾಯವಿಲ್ಲದ ಅನೇಕರೂ ಇದರಲ್ಲಿ ನಿಲ್ಲುತ್ತಾರೆಂದು ಆಮೇಲಿನ ಪರೀಕ್ಷೆಗಳೂ ಹೇಳಿವೆ. ಆದರೆ ಈ ಆರು ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ ನೋಡಿ. ಇವುಗಳಲ್ಲಿ ಐದಕ್ಕೆ ಉತ್ತರ ಇರುವುದು ರೋಗಿಯ ದೇಹದಲ್ಲಲ್ಲ, ಅವರ ಮನೆಯಲ್ಲಿ. ಸ್ಟೆತಾಸ್ಕೋಪಿಗೆ ಅದು ಕೇಳಿಸುವುದಿಲ್ಲ. ಮನೆಯವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಸಮುದಾಯದಲ್ಲಿ ಮನೆಯವರಿಗಿಂತಲೂ ಮುಂಚೆ ಇದನ್ನು ಕಾಣುವ ಇನ್ನೊಂದು ಜಾಗವಿದೆ. ಅದು ಮಸೀದಿಯ ಸಾಲು. ಸಜ್ದಾದಿಂದ ಏಳುವಾಗ ಒಂದು ಕೈ ನೆಲಕ್ಕೆ ಊರುವವರು, ಎರಡು ಕೈಯನ್ನೂ ಊರತೊಡಗುವುದನ್ನು ಪಕ್ಕದವನು ನೋಡುತ್ತಾನೆ. ಆಮೇಲೆ ಅವರು ಹಿಂದಿನ ಕುರ್ಚಿಗಳಿಗೆ ಹೋಗುತ್ತಾರೆ. ಆಮೇಲೆ ಫಜ್ರ್ ತಪ್ಪುತ್ತದೆ, ಆಮೇಲೆ ಜುಮಾ ಮಾತ್ರ ಉಳಿಯುತ್ತದೆ. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಪರೀಕ್ಷೆಯೊಂದನ್ನು 1991ರಿಂದ ವೈದ್ಯರು ಬಳಸುತ್ತಿದ್ದಾರೆ. ನಾವು ದಿನಕ್ಕೆ ಐದು ಬಾರಿ ಅದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಪರಸ್ಪರರ ಕಣ್ಣೆದುರೇ ಮಾಡುತ್ತೇವೆ, ಆದರೆ ಅದರ ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ.

ಹೇಳದೇ ಇದ್ದದ್ದರ ಕಥೆ ನನ್ನ ಮನೆಯದೇ ಇದೆ. ಆಸ್ಪತ್ರೆಯ ಹೆಸರು ಬೇಡ, ಏಕೆಂದರೆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು.

ನನ್ನ ತಂದೆ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದವರು. ಲಾರಿಯ ಮೇಲೆ ನಿಂತು ಗೊನೆಗಳನ್ನು ಎಣಿಸಿ ಇಳಿಸಿದ ಆಳು. 2017ರ ಚಳಿಗಾಲದಲ್ಲಿ ಮೂತ್ರದ ಸೋಂಕಿನಿಂದ ಜ್ವರ ಬಂದು ಅವರನ್ನು ಸೇರಿಸಿದೆವು. ವೈದ್ಯರು ಅದೇ ಪ್ರಶ್ನೆ ಕೇಳಿದರು. ನಾನು ಅದೇ ಉತ್ತರ ಹೇಳಿದೆ, ಇನ್ನೂ ಒಂದು ಮಾತು ಸೇರಿಸಿದೆ: "ನಮ್ಮ ಅಬ್ಬಾ ಕಬ್ಬಿಣದಂಥ ಮನುಷ್ಯ ಸಾರ್." ನಾಲ್ಕು ತಿಂಗಳ ಹಿಂದೆ ಮಳವಳ್ಳಿಯಲ್ಲಿ ಅತ್ತೆಯ ಮನೆಗೆ ಹೋಗಿದ್ದಾಗ ಜಾರಿ ಬಿದ್ದು ಅಲ್ಲಿನ ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದದ್ದನ್ನು ನಾನು ಹೇಳಲಿಲ್ಲ. ಜ್ವರಕ್ಕೂ ಬಿದ್ದದ್ದಕ್ಕೂ ಏನು ಸಂಬಂಧ ಎಂದುಕೊಂಡೆ. ಕನ್ನಡಕವನ್ನು ಕಳೆದುಹೋದೀತೆಂದು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಮಾತ್ರೆಗಳ ಚೀಲವೂ ಮನೆಯಲ್ಲೇ ಇತ್ತು.

ಮೂರನೆಯ ರಾತ್ರಿ ಅವರು ಎದ್ದು ಕೂತು ಡ್ರಿಪ್ಪಿನ ಸೂಜಿಯನ್ನು ಕೀಳತೊಡಗಿದರು. "ಲಾರಿ ಬಂದದೆ, ಎಣಿಸ್ಕಳ್ರೋ" ಎಂದು ಕೂಗಿದರು. ಮೊದಲು ನಮಗೆ ನಗು ಬಂತು. ಆಮೇಲೆ ಅವರು ನನ್ನನ್ನು ಗುರುತಿಸದೆ ತಳ್ಳಿದಾಗ ಭಯವಾಯಿತು. ಬಂಧುಗಳೊಬ್ಬರು ಜಿನ್ನಿನ ಕಾಟವೆಂದರು, ಇನ್ನೊಬ್ಬರು ತಾವೀಝ್ ತರಲು ಹೊರಟರು. ಬ್ಯಾಂಡೇಜು ಬಟ್ಟೆಯಿಂದ ಅವರ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಕಟ್ಟಬಹುದೇ ಎಂದು ನನ್ನನ್ನು ಕೇಳಿದ್ದರು, ನಾನು ಹೂಂ ಎಂದಿದ್ದೆ. ಮರುದಿನ ಅವರು ಸುಮ್ಮನಾದರು. ಕಣ್ಣು ಅರೆ ಮುಚ್ಚಿ ಬಿದ್ದುಕೊಂಡಿದ್ದರು. "ಪಾಪ, ನಿದ್ದೆ ಬಂತು" ಎಂದು ಅಲ್ಲಾಹನಿಗೆ ಸ್ತುತಿ ಹೇಳಿದೆವು. ಎರಡು ದಿನ ಯಾರೂ ಅವರನ್ನು ಮಗ್ಗುಲು ಬದಲಿಸಲಿಲ್ಲ, ನಿದ್ದೆ ಕೆಡಿಸಬಾರದೆಂದು. ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಗಿರುವುದು ಕಂಡದ್ದು ಆರನೆಯ ದಿನ.

ನಮ್ಮ ಹಿರಿಯರು ಇದನ್ನು ಸನ್ನಿ ಎನ್ನುತ್ತಿದ್ದರು. ವಯಸ್ಸಾದವರಲ್ಲಿ ಜ್ವರ, ನೋವು, ಕೆಲವು ಔಷಧಿಗಳು, ನೀರಿನ ಕೊರತೆ, ನಿದ್ದೆಗೇಡು, ಮಲಬದ್ಧತೆ, ಕಣ್ಣುಕಿವಿಗಳ ಮಂಕು, ಇವು ಕೂಡಿಕೊಂಡರೆ ಮಿದುಳು ಕೆಲವು ದಿನಗಳ ಮಟ್ಟಿಗೆ ದಾರಿ ತಪ್ಪುತ್ತದೆ. ಇದು ಹುಚ್ಚಲ್ಲ, ಅರುಳುಮರುಳೂ ಅಲ್ಲ. ಗಂಟೆಗೊಂದು ಬಗೆಯಲ್ಲಿ ಏರಿಳಿಯುವುದೇ ಇದರ ಗುರುತು. ಕೂಗಾಡುವ ಸನ್ನಿಯನ್ನು ಎಲ್ಲರೂ ಕಾಣುತ್ತಾರೆ. ಸುಮ್ಮನೆ ಮಲಗಿಸುವ ಸನ್ನಿಯೂ ಉಂಟು, ಅದು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರೂ ಕಾಣುವುದಿಲ್ಲ. ನಾವು ಸ್ತುತಿ ಹೇಳಿದ್ದು ಅದಕ್ಕೆ.

ಹನ್ನೊಂದನೆಯ ದಿನ ಜ್ವರ ಬಿಟ್ಟಿದೆ ಎಂದು ಬರೆದು ಮನೆಗೆ ಕಳಿಸಿದರು. ಮಸೀದಿಯ ಮೆಟ್ಟಿಲನ್ನು ಅಬ್ಬಾ ಮತ್ತೆ ಹತ್ತಲಿಲ್ಲ. ಐದು ತಿಂಗಳ ನಂತರ ತೀರಿಕೊಂಡರು. ಮಯ್ಯಿತ್ತಿಗೆ ಬಂದವರೆಲ್ಲ, ಅವರ ಆಯುಸ್ಸು ಅಷ್ಟೇ ಬರೆದಿತ್ತು ಎಂದು ಸಮಾಧಾನ ಹೇಳಿದರು. ಆಯುಸ್ಸಿನ ಲೆಕ್ಕ ನನ್ನದಲ್ಲ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಐದು ತಿಂಗಳು ಹುಣ್ಣಿನ ನೋವಿನಲ್ಲಿ ಹೇಗೆ ಕಳೆದವು ಎಂಬುದರ ಲೆಕ್ಕವನ್ನು ನನ್ನಿಂದ ಕೇಳಲಾಗುವುದಿಲ್ಲವೇ? ನಲವತ್ತನೆಯ ದಿನ ಕಳೆದ ಮೇಲೆ ಒಂದು ರಾತ್ರಿ ನನ್ನ ಹೆಂಡತಿ ಹೇಳಿದಳು: "ರಂಜಾನಿನಿಂದಲೇ ಅವರು ಊಟ ಬಿಟ್ಟಿದ್ದರು. ಸಂಜೆ ಹೊತ್ತಿಗೆ ಗೊಂದಲ ಆಗ್ತಿತ್ತು. ರಾತ್ರಿ ಎರಡು ಸಲ ಬಿದ್ದಿದ್ದರು. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದರು." ಆಸ್ಪತ್ರೆಯಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನನ್ನನ್ನು ಯಾರು ಕೇಳಿದರು?" ಎಂದಳು.

ಹೇಳಿದ್ದರೆ ಅಬ್ಬಾ ಬದುಕುತ್ತಿದ್ದರೆಂದು ನಾನು ವಾದಿಸುವುದಿಲ್ಲ. ಆದರೆ 1999ರಲ್ಲಿಯೇ ಪ್ರಕಟವಾದ ಇನ್ನೊಂದು ಪರೀಕ್ಷೆಯ ವಿಷಯ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶಾರನ್ ಇನೋಯಿ ಎಂಬ ವೈದ್ಯೆ 70 ದಾಟಿದ 852 ರೋಗಿಗಳನ್ನು ತೆಗೆದುಕೊಂಡು, ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಕೆಲವು ಸಣ್ಣ ಉಪಚಾರಗಳನ್ನು ಕೊಡಿಸಿದರು. ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ಸರಿಪಡಿಸುವುದು, ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಎಂದು ಮಾತನಾಡಿಸುವುದು, ನೀರು ಕುಡಿಸುವುದು, ದಿನಕ್ಕೆ ಮೂರು ಬಾರಿ ಎಬ್ಬಿಸಿ ನಡೆಸುವುದು, ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ನೀವುವುದು. ಮಾಮೂಲಿ ವಾರ್ಡಿನಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ಬಂದರೆ ಇವರಲ್ಲಿ ಹತ್ತಕ್ಕಿಂತ ಕಡಿಮೆ ಮಂದಿಗೆ ಬಂತು. ಮತ್ತೊಂದು ಸಂಗತಿ ಇದಕ್ಕಿಂತ ಮುಖ್ಯ. ಒಮ್ಮೆ ಸನ್ನಿ ಬಂದವರಲ್ಲಿ ಈ ಉಪಚಾರಗಳು ಅದರ ತೀವ್ರತೆಯನ್ನು ಇಳಿಸಲಿಲ್ಲ. ಅಂದರೆ ಮಾಡುವುದನ್ನು ಮೊದಲೇ ಮಾಡಬೇಕು. ಮೊದಲೇ ಮಾಡಬೇಕಾದರೆ ಯಾರಿಗೆ ಎಂದು ಮೊದಲೇ ತಿಳಿದಿರಬೇಕು.

ಈಗ ನಮ್ಮ ಪ್ರಶ್ನೆಗೆ ಮರಳೋಣ. ಕುಂದನ್ನು ಮುಚ್ಚಿಡಬೇಕೆಂಬ ಪಾಠವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮುಪ್ಪು ಕುಂದೇ? ನಿತ್ರಾಣ ಒಂದು ಪಾಪವೇ? ಮನುಷ್ಯನನ್ನು ದುರ್ಬಲನಾಗಿ ಹುಟ್ಟಿಸಿ, ಬಲ ಕೊಟ್ಟು, ಮತ್ತೆ ದೌರ್ಬಲ್ಯಕ್ಕೆ ಮರಳಿಸುವವನು ಅಲ್ಲಾಹನೇ ಎಂದು ಅರ್ರೂಮ್ ಅಧ್ಯಾಯದಲ್ಲಿ ಓದುವ ನಾವು, ಆ ಮೂರನೆಯ ಘಟ್ಟವನ್ನು ಏಕೆ ಕಳ್ಳಮಾಲಿನಂತೆ ಬಚ್ಚಿಡುತ್ತೇವೆ? ಇನ್ನು ಪರೋಕ್ಷದಲ್ಲಿ ಒಬ್ಬರ ಬಗ್ಗೆ ಅವರಿಗೆ ಹಿಡಿಸದ ಮಾತಾಡುವುದು ಗೀಬತ್ ನಿಜ. ಆದರೆ ಇಮಾಮ್ ನವವಿಯವರು ತಮ್ಮ ರಿಯಾಝುಸ್ಸಾಲಿಹೀನ್‌ನಲ್ಲಿ ಅದಕ್ಕೆ ಆರು ವಿನಾಯಿತಿಗಳನ್ನು ಎಣಿಸಿದ್ದಾರೆ. ನ್ಯಾಯ ಕೇಳುವವನು, ಫತ್ವಾ ಕೇಳುವವನು, ಹಾನಿಯಿಂದ ಇನ್ನೊಬ್ಬರನ್ನು ತಪ್ಪಿಸುವವನು ಬಾಯಿ ಬಿಡಲೇಬೇಕಲ್ಲವೇ? ವೈದ್ಯರ ಮುಂದೆ ನಿಂತವನದೂ ಅದೇ ಸ್ಥಿತಿ ಎಂದು ನನಗೆ ತೋರುತ್ತದೆ. ಮಾವನವರ ಒದ್ದೆ ಬಟ್ಟೆಯ ವಿಷಯವನ್ನು ನೆರೆಮನೆಯಲ್ಲಿ ಹೇಳಿದರೆ ಅದು ಗೀಬತ್. ವೈದ್ಯರಿಗೆ ಹೇಳದಿದ್ದರೆ ಅದು ಅಮಾನತ್ತಿನಲ್ಲಿ ಮೋಸ. ಮಾತು ಒಂದೇ, ಕಿವಿ ಬೇರೆ.

ಭರವಸೆಯ ಪ್ರಶ್ನೆಗೆ ನಾನು ಹೆಚ್ಚು ಬರೆಯುವುದಿಲ್ಲ. ಒಂಟೆಯನ್ನು ಕಟ್ಟದೆ ಬಂದವನಿಗೆ ಪ್ರವಾದಿವರ್ಯರು(ಸ) ಏನೆಂದರೆಂಬುದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು.

ಆದರೆ ಮೂರನೆಯ ಆಕ್ಷೇಪವೊಂದಿದೆ. ನನ್ನ ದೃಷ್ಟಿಯಲ್ಲಿ ಗಟ್ಟಿಯಾದದ್ದು ಅದೇ. ಮಳವಳ್ಳಿಯ ಹಿರಿಯರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ನಾನು ಮುದುಕ, ಮೂರು ಕಾಯಿಲೆ, ನಡೆಯೋಕಾಗಲ್ಲ ಅಂತ ಮೊದಲೇ ಹೇಳಿಬಿಟ್ಟರೆ, ಇವನಿಗೆ ಏನು ಮಾಡಿದರೂ ಅಷ್ಟೇ ಅಂತ ಮೂಲೆಗೆ ಹಾಕ್ತಾರೆ. ಚೆನ್ನಾಗಿದ್ದೆ ಅಂದ್ರೆ ಒಂದು ಇಂಜೆಕ್ಷನ್ನಾದರೂ ಹೆಚ್ಚಿಗೆ ಹಾಕ್ತಾರೆ." ಇದು ಅಜ್ಞಾನದ ಮಾತಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಹಬ್ಬುತ್ತಿದ್ದಾಗ ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ಆಸ್ಪತ್ರೆಗೆ ಬಂದವರ ನಿತ್ರಾಣವನ್ನು ಅಂಕದಲ್ಲಿ ಅಳೆದು, ತೀವ್ರನಿಗಾ ಘಟಕದ ನಿರ್ಧಾರದಲ್ಲಿ ಅದನ್ನು ಗಮನಿಸಬೇಕೆಂದು ಸೂಚಿಸಿತು. ಆ ಮಾಪಕವನ್ನು ಕೆನಡಾದ ಕೆನೆತ್ ರಾಕ್‌ವುಡ್ ಎಂಬ ವೈದ್ಯರು 2005ರಲ್ಲಿ ಹಿರಿಯರಿಗೆಂದು ರೂಪಿಸಿದ್ದರು. ಅಂಗವಿಕಲರೂ ಬುದ್ಧಿಮಾಂದ್ಯರ ಕುಟುಂಬಗಳೂ ಗಾಬರಿಯಿಂದ ಪ್ರತಿಭಟಿಸಿದ ಮೇಲೆ, ಕಿರಿಯ ವಯಸ್ಸಿನವರಿಗೂ ದೀರ್ಘಕಾಲದ ಅಂಗವೈಕಲ್ಯ ಇರುವವರಿಗೂ ಇದನ್ನು ಬಳಸಬಾರದೆಂದು ಒಂದೇ ವಾರದೊಳಗೆ ತಿದ್ದಬೇಕಾಯಿತು. ಕಾಪಾಡಲೆಂದು ಮಾಡಿದ ಅಳತೆಗೋಲು ಸಾಲಿನಿಂದ ಹೊರಗಿಡುವ ಕೋಲೂ ಆದೀತೆಂಬ ಭಯ ಆ ಹಿರಿಯರಿಗಿದ್ದದ್ದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡಬೇಕು? ನಾನು ಯೋಚಿಸಿ ತಲುಪಿದ್ದು ಇಲ್ಲಿಗೆ. ಲೆಕ್ಕ ಹಾಕುವುದು ತಪ್ಪಲ್ಲ, ಸರಿಯೂ ಅಲ್ಲ. ಲೆಕ್ಕ ಹಾಕಿದ ಮೇಲೆ ಆ ಹಾಸಿಗೆಗೆ ಏನು ಬಂತು ಎಂದು ನೋಡಬೇಕು. ಹೆಚ್ಚು ಅಪಾಯವೆಂದು ಗುರುತಾದವರ ಬಳಿಗೆ ಹೆಚ್ಚು ಜನ, ಹೆಚ್ಚು ನೀರು, ಹೆಚ್ಚು ನಡಿಗೆ ಬಂದರೆ ಆ ಗುರುತು ನ್ಯಾಯದ್ದು. ಗುರುತಾದ ಮೇಲೆ ಭೇಟಿ ಕಡಿಮೆಯಾದರೆ, ಮಾತು ಕಡಿಮೆಯಾದರೆ ಅದು ಅನ್ಯಾಯ. ಮತ್ತು ಈ ಅನ್ಯಾಯವನ್ನು ಆಸ್ಪತ್ರೆಗಳಷ್ಟೇ ಮಾಡುವುದಿಲ್ಲ. "ಇನ್ನೇನು ಅವರದು ಮುಗೀತು" ಎಂದು ವರಾಂಡದಲ್ಲಿ ನಿಂತು ಜಮೀನಿನ ಪಹಣಿಯ ಮಾತೆತ್ತುವವರು ಬಿಳಿ ಕೋಟಿನವರಲ್ಲ.

ಕೆಲವೊಮ್ಮೆ ಲೆಕ್ಕ ಕಹಿಯಾದ ಇನ್ನೊಂದನ್ನು ಹೇಳುತ್ತದೆ. ಮಂಡ್ಯದಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ ಎಳೆದಾಡಿ, ಗಂಟಲಿಗೆ ನಳಿಕೆ ಹಾಕಿಸಿದರೂ ಪ್ರಯೋಜನ ಕಡಿಮೆ ಎಂದು. ಆಗ ನಿರ್ಧಾರ ಮಗನ ಪ್ರತಿಷ್ಠೆಯದಾಗಬಾರದು. ಪ್ರಜ್ಞೆ ಇರುವ ತನಕ ಹಿರಿಯರನ್ನೇ ಕೇಳಬೇಕು. ನಂಬಿಕಸ್ಥ ವೈದ್ಯರೊಬ್ಬರನ್ನೂ, ಬೇಕಿದ್ದರೆ ತಿಳಿದ ಆಲಿಮರೊಬ್ಬರನ್ನೂ. ಅವರ ತಲೆಯ ಮೇಲಿಂದ ಅವರ ಬಗ್ಗೆಯೇ ಮಾತಾಡುವ ನಮ್ಮ ಅಭ್ಯಾಸ ಬಹಳ ಕೆಟ್ಟದ್ದು.

ನಮ್ಮ ಜಿಲ್ಲೆಯ ಪರಿಸ್ಥಿತಿಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೆಂದು ತಿಳಿಯಬೇಡಿ. 2006ರಲ್ಲಿ ಮಂಡ್ಯದಲ್ಲಿ ಮೆಡಿಕಲ್ ಕಾಲೇಜು ಆರಂಭವಾಗಿದೆ. ಹಿರಿಯರ ಆರೋಗ್ಯಕ್ಕೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಿಂದ ಇದೆ. 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗೆ ಸಾಧ್ಯವಾದಷ್ಟು ಹಾಸಿಗೆ, ಪ್ರತ್ಯೇಕ ಸಾಲು ಇರಬೇಕೆಂಬ ಮಾತೂ ಇದೆ. ಇವನ್ನು ಕೇಳಿ ಪಡೆಯಿರಿ. ಆದರೆ ಮಗ್ಗುಲು ಬದಲಿಸುವವರು, ಊಟ ಮಾಡಿಸುವವರು, ಶೌಚಕ್ಕೆ ಕರೆದೊಯ್ಯುವವರು ನಮ್ಮ ವಾರ್ಡುಗಳಲ್ಲಿ ಮನೆಯವರೇ. ಆದ್ದರಿಂದ ಅಪಾಯವನ್ನು ಗುರುತಿಸುವುದೂ ಮನೆಯಿಂದಲೇ ಶುರುವಾಗಬೇಕು.

ಒಂದು ಹಾಳೆ ಸಾಕು. ಅದರಲ್ಲಿ ಮೇಲಿನ ಆರು ಪ್ರಶ್ನೆಗಳಿಗೆ ಉತ್ತರ, ಕಳೆದ ವರ್ಷ ಎಷ್ಟು ಸಲ ಬಿದ್ದರು, ಊಟ ಯಾವಾಗಿನಿಂದ ಕಡಿಮೆಯಾಯಿತು, ಉಂಗುರ ಸಡಿಲವಾಗಿದೆಯೇ, ಸಂಜೆ ಹೊತ್ತು ಗೊಂದಲವಾಗುತ್ತದೆಯೇ ಎಂದು ಬರೆದು ಮಾತ್ರೆಗಳ ಚೀಲದಲ್ಲಿಡಿ. ಬರೆಯುವವರು ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರಾಗಲಿ. ಮಳವಳ್ಳಿಯಿಂದ 108ರಲ್ಲಿ ಮಂಡ್ಯಕ್ಕೆ, ಮಂಡ್ಯದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೂವರು ವೈದ್ಯರು ಬದಲಾಗುತ್ತಾರೆ, ಜೊತೆಗೆ ಬಂದವರೂ ಬದಲಾಗುತ್ತಾರೆ, ಹಾಳೆ ಬದಲಾಗುವುದಿಲ್ಲ. ಎಲ್ಲರ ಮುಂದೆ ಬಾಯಿ ಬಿಡಲು ನಾಚುವ ಸೊಸೆಯೂ ಹಾಳೆಯನ್ನು ನರ್ಸಮ್ಮನ ಕೈಗೆ ಕೊಡಬಲ್ಲಳು. ಇದರಿಂದ ಹಿರಿಯರ ಮಾನವೂ ಉಳಿಯುತ್ತದೆ, ವಿಷಯವೂ ತಲುಪುತ್ತದೆ.

ರೋಗಿಯ ಭೇಟಿಯ ಬಗ್ಗೆಯೂ ಒಂದು ಮಾತು. ಅದು ಸುನ್ನತ್ತು, ಅದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಸಂಜೆ ನಾಲ್ಕಕ್ಕೆ ಹನ್ನೆರಡು ಮಂದಿ ಬ್ರೆಡ್ಡು, ಮೋಸಂಬಿ ಹಿಡಿದು ಬರುತ್ತಾರೆ, ಹಾಸಿಗೆಯ ಸುತ್ತ ನಿಂತು ಪರಸ್ಪರ ಮಾತಾಡಿ, ದುಆ ಮಾಡಿ, ಐದಕ್ಕೆ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಆ ಹಿರಿಯರು ಕಣ್ಣು ತೆರೆದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಇರುವ ಒಬ್ಬ ಮೊಮ್ಮಗನಿಗೆ ಮೂರು ರಾತ್ರಿಯ ನಿದ್ದೆ ಬಾಕಿ. ಆ ಹನ್ನೆರಡು ಮಂದಿಯಲ್ಲಿ ಇಬ್ಬರು ಬ್ರೆಡ್ಡನ್ನು ಬಿಟ್ಟು ರಾತ್ರಿಯ ಪಾಳಿಯನ್ನು ಹಂಚಿಕೊಂಡರೆ? ಒಬ್ಬರು ಬೆಳಿಗ್ಗೆ ಹತ್ತಕ್ಕೆ ಬಂದು ತೋಳು ಹಿಡಿದು ವಾರ್ಡಿನ ಕೊನೆಯ ತನಕ ನಡೆಸಿದರೆ? ಇನೋಯಿಯವರ ಆಸ್ಪತ್ರೆಯಲ್ಲೂ ಈ ಕೆಲಸದ ಬಹುಪಾಲನ್ನು ಮಾಡಿದವರು ತರಬೇತಿ ಪಡೆದ ಸ್ವಯಂಸೇವಕರು. ಗಂಡು ರೋಗಿಯ ಶುಚಿಯ ಕೆಲಸ ಗಂಡುಮಕ್ಕಳದೇ ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ಹಯಾದ ಮಾತನ್ನು ಜೋರಾಗಿ ಆಡುವ ನಾವು, ತಂದೆಯ ಡೈಪರ್ ಬದಲಿಸುವ ಹೊತ್ತಿಗೆ ಚಹಾ ಕುಡಿಯಲು ಹೊರಗೆ ಹೋಗುತ್ತೇವೆ.

ಕಳೆದ ವರ್ಷ ಅಮ್ಮಿಗೆ ನ್ಯುಮೋನಿಯಾ ಆಗಿ ಮಂಡ್ಯದಲ್ಲಿ ಸೇರಿಸಿದೆವು. ಎಂಬತ್ತೊಂದು ವರ್ಷ. ಯುವ ವೈದ್ಯೆಯೊಬ್ಬರು ಬಂದು ಆ ಪ್ರಶ್ನೆಯನ್ನೇ ಕೇಳಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ನನ್ನ ಹೆಂಡತಿ ಮುಂದೆ ಬಂದಳು. ಮೊದಲು ಅಮ್ಮಿಯ ಕಿವಿಯ ಬಳಿ ಬಗ್ಗಿ, "ಅಮ್ಮೀ, ಎಲ್ಲ ಹೇಳಲೇ?" ಎಂದಳು. ಅಮ್ಮಿ ತಲೆಯಾಡಿಸಿದರು. ಹಾಳೆ ತೆಗೆದು ಒಂದೊಂದಾಗಿ ಓದಿದಳು: ಊಟ, ಬಿದ್ದದ್ದು, ಮರೆವು, ಏಳು ಮಾತ್ರೆಗಳು, ಎಡಗಣ್ಣಿನ ಪೊರೆ. ವೈದ್ಯೆ ಪೂರ್ತಿ ಬರೆದುಕೊಂಡು, ನಿದ್ದೆಯ ಒಂದು ಮಾತ್ರೆಯನ್ನು ಅಲ್ಲೇ ಹೊಡೆದು ಹಾಕಿದರು, ನಾಳೆಯಿಂದಲೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಎಂದರು. ಅವರು ಹೋದ ಮೇಲೆ ಅಮ್ಮಿ ಆಕ್ಸಿಜನ್ ಮುಖವಾಡವನ್ನು ಸ್ವಲ್ಪ ಸರಿಸಿ ನನ್ನ ಕಡೆ ನೋಡಿದರು.

"ಇಷ್ಟೆಲ್ಲ ಬರೆದಿದ್ದೀರಿ. ನನ್ನ ಹಲ್ಲಿನ ಸೆಟ್ಟು ಮನೇಲೇ ಇದೆ ಅಂತ ಯಾರು ಬರೀತಾರೆ? ನಾಳೆ ಬೆಳಿಗ್ಗೆ ಏನು ತಿನ್ನಲಿ?"

ನಾನು ಕೊನೆಯ ಬಸ್ಸು ಹಿಡಿದು ಮದ್ದೂರಿಗೆ ಹೊರಟೆ.